ಎರಡು ನಿಮಿಷದ ಹಾಡಿಗೆ 800 ಪೆಟ್ಟು

ಮೊದಲು ಒಂದು ಸಣ್ಣ ಲೆಕ್ಕ. ಪಂಕ್ ಅಂದರೆ ಒರಟಾದ, ವೇಗದ ರಾಕ್ ಸಂಗೀತ. ನಿಮಿಷಕ್ಕೆ 200 ಬೀಟ್ ವೇಗದ ಪಂಕ್ ಹಾಡಿನಲ್ಲಿ ಬಲಗೈ ಹೈ-ಹ್ಯಾಟ್, ಅಂದರೆ ಪೆಡಲಿರುವ ಸ್ಟ್ಯಾಂಡಿನ ಜೋಡಿ ಲೋಹದ ತಟ್ಟೆಗಳ ಮೇಲೆ ಪ್ರತಿ ಬೀಟಿಗೆ ಎರಡು ಪೆಟ್ಟು ಹಾಕುತ್ತದೆ. ನಿಮಿಷಕ್ಕೆ 400 ಪೆಟ್ಟಾಯಿತು. ಹಾಡು ಎರಡು ನಿಮಿಷದ್ದಾದರೆ 800. ಹತ್ತು ಹಾಡುಗಳ ಸೆಟ್ ಮುಗಿಯುವಷ್ಟರಲ್ಲಿ 8,000. ಹದಿನೈದು ಹದಿನಾರನೇ ವಯಸ್ಸಿನಲ್ಲಿ ಗೆಳೆಯರ ಜೊತೆ ಬ್ಯಾಂಡ್ ಕಟ್ಟಿಕೊಂಡು ಡ್ರಮ್ಸ್ ಹಿಂದೆ ಹೋಗಿ ಕೂರುವವರಿಗೆ ಈ ಲೆಕ್ಕವನ್ನು ಯಾರೂ ಹೇಳಿರುವುದಿಲ್ಲ. ಮೊದಲ ಹಾಡು ಹಾರಿಕೊಂಡು ಹೋಗುತ್ತದೆ. ಎರಡನೆಯದರಲ್ಲಿ ಮುಂದೋಳು ಬಿಸಿಯಾಗುತ್ತದೆ. ಮೂರನೆಯದರ ನಡುವೆ ಅದು ಕಲ್ಲಿನಂತೆ ಬಿಗಿದುಕೊಂಡು, ಸ್ಟಿಕ್ ಇನ್ನು ಯಾರದೋ ಕೈಯಲ್ಲಿದೆ ಅನ್ನಿಸತೊಡಗುತ್ತದೆ. ಆಗ ಹೆಚ್ಚಿನವರು ತಮಗೆ ಶಕ್ತಿ ಸಾಲದು ಎಂದುಕೊಳ್ಳುತ್ತಾರೆ. ಆಗಿರುವುದು ತದ್ವಿರುದ್ಧ. ಬೇಕಾದ್ದಕ್ಕಿಂತ ಹೆಚ್ಚು ಶಕ್ತಿ ಹಾಕಿದ್ದರಿಂದಲೇ ಕೈ ಸೋತದ್ದು. ಪಂಕ್ ಡ್ರಮ್ಮರ್‌ನ ಮೊದಲ ವರ್ಷವೆಲ್ಲ, ನನ್ನ ದೃಷ್ಟಿಯಲ್ಲಿ, ಶಕ್ತಿಯನ್ನು ಎಲ್ಲಿ ಖರ್ಚು ಮಾಡಬಾರದು ಎಂದು ಕಲಿಯುವುದರಲ್ಲೇ ಕಳೆಯುತ್ತದೆ.

ಕೈ ಬಿಗಿಯುವುದಕ್ಕೆ ಕಾರಣ ಹಿಡಿತ. ಸಂಗೀತ ಜೋರಾದಷ್ಟೂ ಬೆರಳುಗಳು ತಾವಾಗಿಯೇ ಸ್ಟಿಕ್ಕನ್ನು ಹಿಂಡುತ್ತವೆ. ಹಿಂಡಿದ ಸ್ಟಿಕ್ ಪುಟಿಯುವುದಿಲ್ಲ. ಪುಟಿಯದ ಸ್ಟಿಕ್ಕನ್ನು ಪ್ರತಿ ಸಲವೂ ಸ್ನಾಯುವೇ ಮೇಲಕ್ಕೆತ್ತಬೇಕು. ಡ್ರಮ್ ಪುಕ್ಕಟೆಯಾಗಿ ಕೊಡುವ ಎತ್ತುವಿಕೆಯನ್ನು ಬೇಡವೆಂದು, ಅದೇ ಕೆಲಸವನ್ನು ತೋಳಿನಿಂದ ಮಾಡಿಸಿದಂತೆ. ಸ್ಟಿಕ್ಕಿನ ಹಿಂತುದಿಯಿಂದ ಸುಮಾರು ಮೂರನೇ ಒಂದು ಭಾಗದಷ್ಟು ಮುಂದೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಉಳಿದ ಮೂರು ಬೆರಳುಗಳನ್ನು ಸುಮ್ಮನೆ ಒರಗಿಸಬೇಕು. ಪಕ್ಕದಲ್ಲಿ ನಿಂತವರು ಹಿಂದಿನಿಂದ ಮೆಲ್ಲಗೆ ಎಳೆದರೆ ಸ್ಟಿಕ್ ಜಾರಿ ಬರಬೇಕು, ಆದರೆ ತಾನಾಗಿ ಬೀಳಬಾರದು. ಅದು ಹದ. ತೋರುಬೆರಳಿನ ಪಕ್ಕದಲ್ಲಿ ನೀರುಗುಳ್ಳೆ ಎದ್ದರೆ ಹಿಡಿತ ಬಿಗಿಯಾಗಿದೆ ಎಂದೇ ಅರ್ಥ. ಗುಳ್ಳೆಯನ್ನು ಒಡೆಯದೆ, ಬಟ್ಟೆಯ ಟೇಪ್ ಸುತ್ತಿ, ಒಂದೆರಡು ದಿನ ನಿಧಾನ ವೇಗಕ್ಕೆ ಇಳಿಯುವುದು ಒಳ್ಳೆಯದು. ಚರ್ಮ ಗಟ್ಟಿಯಾಗುವುದು ಸಹಜ. ಬೆರಳು ಜೋಮು ಹಿಡಿಯುವುದು, ಮಣಿಕಟ್ಟಿನಲ್ಲಿ ಚುಚ್ಚಿದಂತಾಗುವುದು ಸಹಜವಲ್ಲ. ಅದನ್ನು ಹಲ್ಲುಕಚ್ಚಿ ಸಹಿಸುವುದರಲ್ಲಿ ಯಾವ ಶೌರ್ಯವೂ ಇಲ್ಲ. ಅವತ್ತಿಗೆ ನುಡಿಸುವುದನ್ನು ನಿಲ್ಲಿಸಬೇಕು.

ಹೈ-ಹ್ಯಾಟ್ ಮೇಲೆ 400 ಪೆಟ್ಟನ್ನು 200 ಚಲನೆಯಲ್ಲಿ ಮುಗಿಸುವ ಉಪಾಯವೊಂದಿದೆ. ಮಣಿಕಟ್ಟು ಕೆಳಗಿಳಿಯುವಾಗ ಸ್ಟಿಕ್ಕಿನ ದಪ್ಪ ಭಾಗ ಹೈ-ಹ್ಯಾಟಿನ ಅಂಚಿಗೆ ಬಡಿಯುತ್ತದೆ. ಅದೇ ಮಣಿಕಟ್ಟು ಮೇಲೇಳುವಾಗ ಸ್ಟಿಕ್ಕಿನ ತುದಿ ಸಿಂಬಲ್ ತಟ್ಟೆಯ ಮೈಯನ್ನು ಮುಟ್ಟುತ್ತದೆ. ಒಂದು ಇಳಿತ, ಒಂದು ಏರಿಕೆ, ಎರಡು ಪೆಟ್ಟು. ಮೊದಲನೆಯದು ಜೋರು, ಎರಡನೆಯದು ಮೆದು. ನೋಡುವವರಿಗೆ ಕೈ ಬಾಗಿಲ ಚಿಲಕ ಅಲ್ಲಾಡಿಸುತ್ತಿರುವಂತೆ ಕಾಣುತ್ತದೆ. ಹೈ-ಹ್ಯಾಟ್ ತುಂಬ ಎತ್ತರದಲ್ಲಿದ್ದರೆ ಇದು ಆಗುವುದಿಲ್ಲ, ಏಕೆಂದರೆ ಮಣಿಕಟ್ಟು ಮಡಚಿಕೊಂಡು ಜಾಗವೇ ಇರುವುದಿಲ್ಲ. ಮಂಡಿಗಳ ನಡುವೆ ಇರುವ, ಕೆಳಗೆ ತಂತಿ ಕಟ್ಟಿದ ಡ್ರಮ್ ಆದ ಸ್ನೇರ್‌ಗಿಂತ ಒಂದು ಗೇಣು ಮೇಲಿದ್ದರೆ ಸಾಕು. ಇದನ್ನು ನಿಮಿಷಕ್ಕೆ 80 ಬೀಟ್ ವೇಗದಲ್ಲಿ ಶುರುಮಾಡಬೇಕು. ಆ ವೇಗದಲ್ಲಿ ಬೇಜಾರಾಗುತ್ತದೆ, ನಿಜ. ಆದರೆ ಕೈ ಸರಿಯಾದ ದಾರಿಯನ್ನು ಕಲಿಯುವುದು ಅಲ್ಲಿಯೇ.

ಮನೆಯಲ್ಲಿ ಡ್ರಮ್ಸ್ ಇಟ್ಟುಕೊಳ್ಳಲಾಗದ ಹುಡುಗ ಹುಡುಗಿಯರೇ ಜಾಸ್ತಿ. ಇಟ್ಟುಕೊಂಡರೂ ಅಕ್ಕಪಕ್ಕದವರ ನಿದ್ದೆಗೆ ಬೆಲೆ ಕೊಡಬೇಕಾಗುತ್ತದೆ. ಮುಂದೆ ನಿರ್ವಾಣ ಬ್ಯಾಂಡಿನ ಡ್ರಮ್ಮರ್ ಆದ ಡೇವ್ ಗ್ರೋಲ್ ಹುಡುಗನಾಗಿದ್ದಾಗ ಮಲಗುವ ಕೋಣೆಯಲ್ಲಿ ದಿಂಬುಗಳ ಮೇಲೆ ಬಡಿದು ಕಲಿತದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಆಮೇಲೆ ಹದಿನೇಳನೇ ವಯಸ್ಸಿನಲ್ಲಿ, ವಯಸ್ಸನ್ನು ಹೆಚ್ಚಿಸಿ ಹೇಳಿ, ವಾಷಿಂಗ್ಟನ್ ಡಿ.ಸಿ. ವಲಯದ ಸ್ಕ್ರೀಮ್ ಎಂಬ ಪಂಕ್ ಬ್ಯಾಂಡ್ ಸೇರಿದ. ದಿಂಬು ಸ್ಟಿಕ್ಕನ್ನು ಪುಟಿಸುವುದಿಲ್ಲವಾದ್ದರಿಂದ ಮಣಿಕಟ್ಟಿಗೆ ಬಲ ಬರುತ್ತದೆ. ಆದರೆ ಅದೇ ಅದರ ದೋಷವೂ ಹೌದು. ಬರೀ ದಿಂಬಿನ ಮೇಲೆ ಅಭ್ಯಾಸ ಮಾಡಿದ ಕೈ ನಿಜವಾದ ಸ್ನೇರ್ ಮೇಲೂ ಎತ್ತಿ ಎತ್ತಿ ಹೊಡೆಯುತ್ತದೆ, ಪುಟಿತವನ್ನು ಬಳಸಿಕೊಳ್ಳುವುದೇ ಇಲ್ಲ. ಹಾಗಾಗಿ ದಿಂಬಿನ ಮೇಲೆ ಹತ್ತು ನಿಮಿಷ, ರಬ್ಬರ್ ಪ್ಯಾಡ್ ಮೇಲೆ ಇಪ್ಪತ್ತು ನಿಮಿಷ ಎಂದು ಹಂಚಿಕೊಳ್ಳುವುದು ಲೇಸು. ಬೀಟ್ ಎಣಿಸಿಕೊಡುವ ಮೆಟ್ರೊನೊಮ್ ಹಾಕಿಕೊಂಡು, 120ರಲ್ಲಿ ಪ್ರತಿ ಬೀಟಿಗೆ ಎರಡು ಪೆಟ್ಟಿನಂತೆ ಐದು ನಿಮಿಷ ನಿಲ್ಲಿಸದೆ ನುಡಿಸಿ. ಭುಜ ಕಿವಿಯ ಕಡೆಗೆ ಏರದೆ, ಉಸಿರು ಕಟ್ಟದೆ ಮುಗಿದರೆ ಮರುದಿನ 124. ಏರಿತೋ, ಅಲ್ಲಿಯೇ ಇನ್ನೊಂದು ದಿನ. ಹಾಡು 180ರಲ್ಲಿದ್ದರೆ ಅಭ್ಯಾಸ 200ರವರೆಗೆ ಹೋಗಿರಬೇಕು. ವೇದಿಕೆಯಲ್ಲಿ ಹಾಡು 180ರಲ್ಲಿ ಉಳಿಯುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಸ್ಟಿಕ್ ಆಯ್ಕೆಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಜೋರಾಗಿ ಹೊಡೆಯಬೇಕೆಂದು ಅತಿ ದಪ್ಪನೆಯ 2ಬಿ ಅಳತೆಯ ಸ್ಟಿಕ್ ಕೊಳ್ಳುತ್ತಾರೆ. ಬೆಳೆಯುತ್ತಿರುವ ಮಣಿಕಟ್ಟಿಗೆ ಅದು ಭಾರ. 5ಎ ತೆಳುವೆನಿಸಿದರೆ 5ಬಿ ಸಾಕು. ಹಿಕರಿ ಮರದ್ದು ತಾಳುತ್ತದೆ. ಮೇಪಲ್ ಹಗುರ, ಆದರೆ ಬೇಗ ಮುರಿಯುತ್ತದೆ.

ಇನ್ನು ಏನು ನುಡಿಸಬೇಕು ಎನ್ನುವ ಮಾತು. ಇಲ್ಲಿ ಟಾಮಿ ರಮೋನ್‌ನನ್ನು ನೆನೆಯದೆ ಮುಂದೆ ಹೋಗಲಾಗದು. 1974ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ರಮೋನ್ಸ್ ಎಂಬ ಪಂಕ್ ಬ್ಯಾಂಡ್ ಕಟ್ಟಿಕೊಂಡಾಗ ಅವನು ಡ್ರಮ್ಮರ್ ಆಗಿರಲೇ ಇಲ್ಲ. ಬ್ಯಾಂಡಿನ ಮ್ಯಾನೇಜರ್ ಆಗಬೇಕಿದ್ದವನು. ಡ್ರಮ್ಸ್ ಹಿಂದಿದ್ದ ಜೋಯಿ ಹಾಡಲು ಮುಂದೆ ಬಂದ. ಹೊಸದಾಗಿ ಪರೀಕ್ಷೆಗೆ ಬಂದವರಲ್ಲಿ ಯಾರಿಗೂ ಬ್ಯಾಂಡಿಗೆ ಬೇಕಾದ ಆ ಸರಳ ವೇಗ ಹೊಂದಲಿಲ್ಲ. ಕೊನೆಗೆ ಟಾಮಿಯೇ ಕೂತ. 1976ರಲ್ಲಿ ಬಂದ ಅವರ ಮೊದಲ ಆಲ್ಬಮ್‌ನಲ್ಲಿ 14 ಹಾಡುಗಳು, ಒಟ್ಟು ಸುಮಾರು 29 ನಿಮಿಷ. ಅದರಲ್ಲಿ ಡ್ರಮ್ಸ್ ಕೇಳಿ ನೋಡಿ. ಹೈ-ಹ್ಯಾಟ್ ಒಂದೇ ಸಮನೆ ಓಡುತ್ತದೆ, ಸ್ನೇರ್ ತನ್ನ ಜಾಗ ಬಿಟ್ಟು ಕದಲುವುದಿಲ್ಲ, ಸಾಲುಗಳ ನಡುವೆ ತುಂಬುವ ಅಲಂಕಾರದ ಪೆಟ್ಟುಗಳಾದ ಫಿಲ್‌ಗಳು ಬೆರಳೆಣಿಕೆಯಷ್ಟು. ಗಿಟಾರ್ ಗೋಡೆಯಂತೆ ಒತ್ತುತ್ತಿರುವಾಗ ಡ್ರಮ್ಸ್ ಅಲಂಕಾರಕ್ಕೆ ಇಳಿದರೆ ಹಾಡು ಕುಸಿಯುತ್ತದೆಂದು ಅವನಿಗೆ ಗೊತ್ತಿತ್ತು. ಡ್ರಮ್ಮರ್ ಅಲ್ಲದವನು ಡ್ರಮ್ಮರ್‌ಗಳಿಗೆ ಕಲಿಸಿದ ಪಾಠ ಅದು.

ಬಾಯಲ್ಲಿ ಹೇಳಿಕೊಳ್ಳುವುದಾದರೆ ಮೂರು ನಡೆಗಳು ಸಾಕು, ಮೊದಲ ಹತ್ತು ಹಾಡಿಗೆ. "ಒಂದು ಮತ್ತು ಎರಡು ಮತ್ತು ಮೂರು ಮತ್ತು ನಾಲ್ಕು ಮತ್ತು" ಎಂದು ಎಂಟಾಗಿ ಎಣಿಸಿ. ಮೊದಲನೆಯದರಲ್ಲಿ ಒಂದು, ಮೂರಕ್ಕೆ ದುಂ, ಅಂದರೆ ಕಾಲಿನ ಪೆಡಲಿನಿಂದ ನುಡಿಸುವ ದೊಡ್ಡ ಬೇಸ್ ಡ್ರಮ್. ಎರಡು, ನಾಲ್ಕಕ್ಕೆ ಸ್ನೇರಿನ ಟಾ. ಎರಡನೆಯದು ಅದನ್ನೇ ಇಮ್ಮಡಿಸಿದ್ದು. ಪ್ರತಿ ಅಂಕಿಗೂ ದುಂ, ಪ್ರತಿ "ಮತ್ತು"ವಿಗೂ ಟಾ. ದುಂಟಾ ದುಂಟಾ ದುಂಟಾ ದುಂಟಾ. ಪಂಕ್‌ನ ಇನ್ನೂ ಬಿರುಸಾದ ರೂಪವಾದ ವೇಗದ ಹಾರ್ಡ್‌ಕೋರ್ ಎಲ್ಲ ಇದರ ಮೇಲೆಯೇ ನಿಂತಿದೆ. ಇದರಲ್ಲಿ ಕೆಡುವುದು ಸಾಮಾನ್ಯವಾಗಿ ಒಂದೇ ರೀತಿ. ದಣಿದಂತೆಲ್ಲ ಟಾ ಹಿಂದೆ ಸರಿಯುತ್ತದೆ, ಇಲ್ಲವೇ ದುಂ ಹತ್ತಿರ ಬಂದು ಅಂಟಿಕೊಳ್ಳುತ್ತದೆ, ನಡೆ ಕುಂಟತೊಡಗುತ್ತದೆ. ಮೂರನೆಯದು ಡಿ-ಬೀಟ್. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಊರಿನ ಡಿಸ್‌ಚಾರ್ಜ್ ಬ್ಯಾಂಡಿನ ಹೆಸರಿನ ಮೊದಲ ಅಕ್ಷರವೇ ಈ ಡಿ. ಒಂದಕ್ಕೆ ದುಂ, ಎರಡಕ್ಕೆ ಟಾ, ಎರಡರ "ಮತ್ತು"ವಿಗೆ ದುಂ, ಮೂರು ಖಾಲಿ, ಮೂರರ "ಮತ್ತು"ವಿಗೆ ದುಂ, ನಾಲ್ಕಕ್ಕೆ ಟಾ. ಮೂರರ ಆ ಖಾಲಿ ಜಾಗದಲ್ಲಿ ಕಾಲು ಹಾಕುವ ಆಸೆಯನ್ನು ತಡೆದುಕೊಳ್ಳುವುದೇ ಕಷ್ಟ. ತಡೆದರೆ ಮಾತ್ರ ಹಾಡು ಮುಂದಕ್ಕೆ ಉರುಳುತ್ತದೆ.

ಎಲ್ಲರೂ ಹೀಗೆಯೇ ನುಡಿಸಬೇಕೆಂದೇನೂ ಅಲ್ಲ. 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ದಿ ಸ್ಲಿಟ್ಸ್ ಬ್ಯಾಂಡಿನ ಗಾಯಕಿ ಆರಿ ಅಪ್‌ಗೆ ಆಗಿನ್ನೂ ಹದಿನಾಲ್ಕು ವರ್ಷ. ಆ ಬ್ಯಾಂಡಿನ ಡ್ರಮ್ಮರ್ ಪಾಮೊಲಿವ್ ಟಾಮ್ ಎಂಬ ತಂತಿಯಿಲ್ಲದ ಡ್ರಮ್ಮುಗಳ ಮೇಲೆ ಸುತ್ತಿ ಸುತ್ತಿ ಬರುವ ನಡೆ ಹಿಡಿದಳು. ನಿಯಮ ಕಲಿತ ಕೈಯಲ್ಲ ಅದು. ಆದರೆ ಹಾಡಿನುದ್ದಕ್ಕೂ ಸೋಲದೆ ತಾಳುವ ಕೈ. ವ್ಯತ್ಯಾಸ ಅಲ್ಲಿದೆ. ಏನು ನುಡಿಸಿದರೂ ಕೊನೆಯವರೆಗೆ ಅದನ್ನೇ ನುಡಿಸಲು ಆಗಬೇಕು.

ಕಾಲಿನ ವಿಷಯವನ್ನು ಹುಡುಗರು ಕಡೆಗಣಿಸುತ್ತಾರೆ. ಕೂರುವ ಸ್ಟೂಲ್ ತಗ್ಗಾಗಿದ್ದರೆ ಮಂಡಿ ಸೊಂಟಕ್ಕಿಂತ ಮೇಲೆ ಬಂದು, ಪ್ರತಿ ಪೆಟ್ಟಿಗೂ ಇಡೀ ತೊಡೆಯನ್ನು ಎತ್ತಬೇಕಾಗುತ್ತದೆ. ತೊಡೆ ಮಂಡಿಯ ಕಡೆಗೆ ಸ್ವಲ್ಪ ಇಳಿಜಾರಾಗಿರುವಷ್ಟು ಎತ್ತರ ಬೇಕು. ಪೆಡಲಿನ ಸ್ಪ್ರಿಂಗ್ ತೀರ ಬಿಗಿಯಾದರೆ ಕಾಲು ಸೋಲುತ್ತದೆ, ತೀರ ಸಡಿಲವಾದರೆ ಡ್ರಮ್ಮಿಗೆ ಬಡಿಯುವ ಬೀಟರ್ ವಾಪಸ್ ಬರುವಷ್ಟರಲ್ಲಿ ಮುಂದಿನ ಪೆಟ್ಟು ತಪ್ಪುತ್ತದೆ. ಇನ್ನೊಂದು ಕಾಟ, ಬೇಸ್ ಡ್ರಮ್ ಒದೆಗೆ ಮುಂದಕ್ಕೆ ಸರಿಯುತ್ತ ಹೋಗುವುದು. ನಾಲ್ಕನೇ ಹಾಡಿಗೆ ಕಾಲು ಚಾಚಿ ನುಡಿಸುವ ಪಾಡು ಬರುತ್ತದೆ. ಎರಡು ಮೀಟರ್ ಉದ್ದಗಲದ ಹಳೆಯ ಜಮಖಾನೆ ಅಥವಾ ಕಾರ್ಪೆಟ್ ಹಾಸಿ, ಬೇಸ್ ಡ್ರಮ್‌ನ ಮುಂಗಾಲುಗಳ ಮೊನೆ ಅದಕ್ಕೆ ಚುಚ್ಚಿಕೊಳ್ಳುವಂತೆ ಇಟ್ಟು, ಸ್ಟೂಲ್ ಕೂಡ ಅದರ ಮೇಲೆಯೇ ಬರುವಂತೆ ನೋಡಿಕೊಂಡರೆ ಸಾಕು. ನಿಮ್ಮ ಭಾರವೇ ಡ್ರಮ್ಸನ್ನು ಹಿಡಿದಿಡುತ್ತದೆ. ಸ್ಟ್ಯಾಂಡುಗಳು ನಿಲ್ಲುವ ಜಾಗಕ್ಕೆ ಬಣ್ಣದ ಟೇಪ್ ಅಂಟಿಸಿಬಿಟ್ಟರೆ ಪ್ರತಿ ಸಲ ಅಳತೆ ಹುಡುಕುವ ತಾಪತ್ರಯವೂ ತಪ್ಪುತ್ತದೆ.

ಮೊದಲ ಡ್ರಮ್ಸ್ ಬಹುಮಟ್ಟಿಗೆ ಯಾರೋ ಬಳಸಿ ಬಿಟ್ಟದ್ದೇ ಆಗಿರುತ್ತದೆ. ಅದು ಕೆಟ್ಟದಾಗಿ ಕೇಳಿಸಿದರೆ ಡ್ರಮ್ಮನ್ನು ದೂರುವ ಮೊದಲು ಹೆಡ್, ಅಂದರೆ ಅದರ ಬಾಯಿಗೆ ಬಿಗಿದ ಹಾಳೆಯನ್ನು ನೋಡಿ. ನಡುವೆ ಕುಳಿಗಳು, ಬಿಳಿಯ ಲೇಪ ಸವೆದ ವೃತ್ತ ಕಂಡರೆ ಅದರ ಆಯುಸ್ಸು ಮುಗಿದಿದೆ. ಸ್ನೇರಿನ ಹೆಡ್ ಬದಲಿಸುವುದು ಅರ್ಧ ಗಂಟೆಯ ಕೆಲಸ, ಮತ್ತು ಅದನ್ನು ಸ್ವಂತ ಕೈಯಿಂದ ಮಾಡಿದವರಿಗೆ ವಾದ್ಯದ ಮೇಲೆ ಬೇರೆಯದೇ ಪ್ರೀತಿ ಬರುತ್ತದೆ. 14 ಇಂಚಿನ ಸ್ನೇರಿಗೆ ಸಾಮಾನ್ಯವಾಗಿ ಎಂಟು ಅಥವಾ ಹತ್ತು ಲಗ್, ಅಂದರೆ ಸ್ಕ್ರೂ ಕೂರುವ ಜಾಗಗಳು. ಎಲ್ಲ ಸ್ಕ್ರೂಗಳನ್ನು ಬಿಚ್ಚಿ, ಹೆಡ್ಡನ್ನು ಒತ್ತಿ ಹಿಡಿಯುವ ಬಳೆಯಾದ ರಿಮ್ ತೆಗೆದು, ಡ್ರಮ್ಮಿನ ಅಂಚನ್ನು ಒಣ ಬಟ್ಟೆಯಿಂದ ಒರೆಸಿ. ಅಲ್ಲಿ ಕೂತ ಒಂದು ಮರದ ಚೂರು ಸಾಕು, ಇಡೀ ಹೆಡ್ ಸೊಟ್ಟಗೆ ಕೂರಲು. ಹೊಸ ಹೆಡ್ ಇಟ್ಟು, ರಿಮ್ ಇಟ್ಟು, ಎಲ್ಲ ಸ್ಕ್ರೂಗಳನ್ನು ಬೆರಳಿನಿಂದಷ್ಟೇ ಬಿಗಿಯಿರಿ. ಆಮೇಲೆ ಡ್ರಮ್ ಕೀ ತೆಗೆದುಕೊಂಡು ಒಂದಕ್ಕೆ ಅರ್ಧ ಸುತ್ತು, ನಂತರ ಅದಕ್ಕೆ ನೇರ ಎದುರಿನದಕ್ಕೆ ಅರ್ಧ ಸುತ್ತು, ಹೀಗೆ ನಕ್ಷತ್ರ ಬರೆದಂತೆ ಸಾಗಿ. ಪಕ್ಕಪಕ್ಕದವನ್ನು ಸರದಿಯಲ್ಲಿ ಬಿಗಿದರೆ ಒಂದು ಕಡೆ ಎಳೆದುಕೊಂಡು ಇನ್ನೊಂದು ಕಡೆ ಸುಕ್ಕಾಗುತ್ತದೆ. ಎರಡು ಸುತ್ತು ಹೀಗೆ ಮಾಡಿ ಅಂಗೈಯಿಂದ ನಡುವೆ ಒತ್ತಿ. ಚಟಚಟ ಎಂದರೆ ಹೆದರಬೇಡಿ, ಅಂಟು ಬಿಡುವ ಸದ್ದು ಅದು. ಇನ್ನು ಮುಂದೆ ಕಾಲು ಸುತ್ತಿನಷ್ಟೇ. ಪ್ರತಿ ಲಗ್ಗಿನ ಎದುರು, ಅಂಚಿನಿಂದ ಒಂದು ಇಂಚು ಒಳಗೆ ಮೆಲ್ಲಗೆ ತಟ್ಟಿ ಕೇಳಿ. ತಗ್ಗಿದ ಸ್ವರ ಬಂದ ಕಡೆ ಬಿಗಿ, ಏರಿದ ಕಡೆ ಸಡಿಲ. ಎಲ್ಲ ಕಡೆ ಒಂದೇ ಸ್ವರ ಬಂದಾಗ ಡ್ರಮ್ ಹಾಡುತ್ತದೆ.

ಕೆಳಗಿನ ಹೆಡ್ ಕಾಗದದಷ್ಟು ತೆಳು. ಅದನ್ನು ಮೇಲಿನದಕ್ಕಿಂತ ಬಿಗಿಯಾಗಿಡಬೇಕು, ಸ್ಟಿಕ್ ತಾಗಿಸಲೇಬಾರದು. ಅದರ ಕೆಳಗಿನ ತಂತಿಗಳನ್ನು ಹೊಸಬರು ಬಿಗಿದು ಬಿಗಿದು ಕತ್ತು ಹಿಸುಕಿಬಿಡುತ್ತಾರೆ. ತಂತಿಯನ್ನು ಪೂರ್ತಿ ಸಡಿಲಿಸಿ, ಮೆಲ್ಲಗೆ ತಟ್ಟುತ್ತ, ಗರಗರ ಹೋಗಿ ಸ್ಪಷ್ಟವಾದ ಚಟ್ ಬಂದ ಕೂಡಲೇ ನಿಲ್ಲಿಸಿ. ಬೇಸ್ ಡ್ರಮ್ಮಿನೊಳಗೆ ಒಂದು ದಿಂಬು, ಹೆಡ್‌ಗೆ ತಾಗಿಯೂ ತಾಗದಂತೆ.

ಸಿಂಬಲ್ ಒಡೆಯುವುದು ಜೋರಾಗಿ ಹೊಡೆದಿದ್ದರಿಂದ ಎಂಬ ನಂಬಿಕೆ ಅರ್ಧ ಸತ್ಯ. ಮೇಲಿನ ರೆಕ್ಕೆ-ನಟ್ಟನ್ನು ಗಟ್ಟಿಯಾಗಿ ತಿರುಗಿಸಿದರೆ ಸಿಂಬಲ್ ತೂಗಲಾರದು, ಪೆಟ್ಟಿನ ಬಲವೆಲ್ಲ ಲೋಹದೊಳಗೇ ಉಳಿದು ಬಿರುಕು ಬಿಡುತ್ತದೆ. ಸ್ಟ್ಯಾಂಡಿನ ಕಂಬಿಗೆ ತೊಡಿಸುವ ಸಣ್ಣ ಪ್ಲಾಸ್ಟಿಕ್ ಕೊಳವೆ ಕಳೆದುಹೋದರೆ, ಸಿಂಬಲ್‌ನ ತೂತನ್ನು ಕಂಬಿಯ ಸ್ಕ್ರೂ-ಗೆರೆಗಳು ಕೊರೆದು ಬೀಗದ ಕಿಂಡಿಯಂತೆ ಮಾಡುತ್ತವೆ. ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಲ್ಲದ ವಸ್ತು ಇಡೀ ಸಿಂಬಲ್ ಉಳಿಸುತ್ತದೆ. ಸಿಂಬಲ್ಲನ್ನು ನಿಮ್ಮ ಕಡೆಗೆ ತುಸು ವಾಲಿಸಿ, ಅಂಚನ್ನು ಸವರಿಕೊಂಡು ಹೋಗುವಂತೆ ಹೊಡೆಯಿರಿ. ಎದುರಿನ ಗೋಡೆಗೆ ಗುದ್ದಿದಂತೆ ನೇರ ಹೊಡೆಯಬೇಡಿ.

ಕಿವಿಯ ಬಗ್ಗೆ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ. 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಎಂಬುದು ಕೆಲಸದ ಜಾಗಗಳಿಗೆ ಹಾಕಿದ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್ ತಲುಪಿದರೆ ಉಳಿಯುವುದು ಹದಿನೈದು ನಿಮಿಷ. ಚಿಕ್ಕ ಕೋಣೆಯಲ್ಲಿ ಡ್ರಮ್ಸ್ ಒಂದೇ ಆ ಮಟ್ಟ ದಾಟುತ್ತದೆ, ಗಿಟಾರ್ ಆಂಪ್ಲಿಫೈಯರ್ ಬೇರೆ. ಅಭ್ಯಾಸ ಮುಗಿಸಿ ಹೊರಬಂದಾಗ ಕಿವಿಯಲ್ಲಿ ಗುಂಯ್ ಎಂದರೆ ಅದು ಖುಷಿಯ ಗುರುತಲ್ಲ, ಗಾಯದ ಗುರುತು. ಕಿವಿಯೊಳಗಿನ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಫೋಮ್ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗಿಟ್ಟು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹೊರಗೆ ನೇತಾಡುವಂತೆ ತುರುಕಿದರೆ ಪ್ರಯೋಜನವಿಲ್ಲ. ಸಂಗೀತಗಾರರಿಗೆಂದೇ ಮಾಡಿದ ಪ್ಲಗ್‌ಗಳು ಸ್ವರವನ್ನು ಮಂಕುಮಾಡದೆ ಒಟ್ಟು ಶಬ್ದವನ್ನು ತಗ್ಗಿಸುತ್ತವೆ. ಹೊಸ ಸಿಂಬಲ್‌ಗಿಂತ ಮೊದಲು ಕೊಳ್ಳಬೇಕಾದದ್ದು ಅದು.

ಬ್ಯಾಂಡಿನ ಅಭ್ಯಾಸದ ಕೋಣೆಯಲ್ಲಿ ಬೇಸ್ ಗಿಟಾರ್‌ನವರನ್ನು ಹೈ-ಹ್ಯಾಟ್ ಪಕ್ಕ ನಿಲ್ಲಿಸಿಕೊಳ್ಳಿ, ಕಣ್ಣಿಗೆ ಕಣ್ಣು ಸಿಗಬೇಕು. ಗಿಟಾರ್ ಆಂಪ್ಲಿಫೈಯರ್ ನೆಲದ ಮೇಲಿದ್ದರೆ ಗಿಟಾರಿಸ್ಟ್‌ನ ಮೊಣಕಾಲಿಗಷ್ಟೇ ಕೇಳಿಸುತ್ತದೆ. ಅವನು ಶಬ್ದ ಏರಿಸುತ್ತಾನೆ, ಹಾಡುವವಳು ಕಿರುಚುತ್ತಾಳೆ, ನೀವು ಇನ್ನೂ ಜೋರಾಗಿ ಬಡಿಯುತ್ತೀರಿ, ಎಲ್ಲರೂ ಸುಸ್ತಾಗುತ್ತಾರೆ. ಆಂಪ್ಲಿಫೈಯರನ್ನು ಕುರ್ಚಿಯ ಮೇಲಿಟ್ಟು ಅವನ ಕಿವಿಯ ಕಡೆ ವಾಲಿಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಸ್ಟಿಕ್ ತಾಗಿಸಿ ನಾಲ್ಕು ಎಣಿಸಿ ಹಾಡು ಎತ್ತುವ ಕೆಲಸ ನಿಮ್ಮದು. ಎಣಿಸುವ ಮೊದಲು ಪಲ್ಲವಿಯ ಒಂದು ಸಾಲನ್ನು ಮನಸ್ಸಿನಲ್ಲೇ ಹಾಡಿಕೊಳ್ಳಿ. ಆ ಸಾಲಿನ ಮಾತುಗಳು ಬಾಯಲ್ಲಿ ಆರಾಮಾಗಿ ಹೊರಳುವ ವೇಗವೇ ಹಾಡಿನ ವೇಗ. ಗಿಟಾರಿಸ್ಟ್ ಇನ್ನೂ ಶ್ರುತಿ ಮಾಡುತ್ತಿರುವಾಗ ಅವಸರಪಟ್ಟು ಎಣಿಸಬೇಡಿ. ಅಭ್ಯಾಸವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಹೋಗಿ ಹಾಡಿನ ಆರಂಭದ ಹಾಗೂ ಕೊನೆಯ ಹದಿನೈದು ಸೆಕೆಂಡಿನ ಬೀಟುಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿ. ಶುರುವಿನಲ್ಲಿ 176, ಕೊನೆಯಲ್ಲಿ 196 ಬಂದರೆ ಎಲ್ಲಿ ಓಡಿತೆಂದು ಹುಡುಕಿ. ಹತ್ತರಲ್ಲಿ ಒಂಬತ್ತು ಸಲ ಫಿಲ್‌ನಲ್ಲಿ ಓಡಿರುತ್ತದೆ. ಟಾಮ್‌ಗಳ ಮೇಲೆ ಕೈ ಉರುಳಿಸಿಕೊಂಡು ಹೋಗುವಾಗ ಕಾಲು ನಿಂತುಬಿಡುತ್ತದೆ, ಅಳೆಯಲು ಏನೂ ಇರುವುದಿಲ್ಲ. ಫಿಲ್ ನಡುವೆಯೂ ಎಡಗಾಲಿನಿಂದ ಹೈ-ಹ್ಯಾಟ್ ಪೆಡಲನ್ನು ಪ್ರತಿ ಬೀಟಿಗೆ ತುಳಿಯುವ ರೂಢಿ ಬೆಳೆಸಿಕೊಂಡರೆ ಓಟ ನಿಲ್ಲುತ್ತದೆ.

ವಯಸ್ಸು ಚಿಕ್ಕದೆಂಬುದೇ ಒಂದು ಅಡ್ಡಿಯಾಗುವುದು ವೇದಿಕೆಯ ವಿಷಯದಲ್ಲಿ. ಬ್ಯಾಂಡುಗಳು ನುಡಿಸುವ ಜಾಗಗಳು ಬಹುಪಾಲು ಮದ್ಯ ಮಾರುವ ಜಾಗಗಳು. ವಾಷಿಂಗ್ಟನ್ ಡಿ.ಸಿ.ಯ ಟೀನ್ ಐಡಲ್ಸ್ ಹೈಸ್ಕೂಲಿನ ಹುಡುಗರ ಬ್ಯಾಂಡ್, ಡ್ರಮ್ಮರ್ ಜೆಫ್ ನೆಲ್ಸನ್. 1980ರಲ್ಲಿ ಅವರು ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಸ್ಯಾನ್ ಫ್ರಾನ್ಸಿಸ್ಕೋದ ಮಾಬುಹೇ ಗಾರ್ಡನ್ಸ್‌ನವರು ಮದ್ಯ ಕೊಡಬಾರದೆಂಬ ಗುರುತಿಗೆ ಅವರ ಕೈ ಮೇಲೆ ಕಪ್ಪು ಎಕ್ಸ್ ಬರೆದು ಒಳಗೆ ಬಿಟ್ಟರು. ಊರಿಗೆ ಮರಳಿ ಅದೇ ಉಪಾಯವನ್ನು ಅಲ್ಲಿನ ಕ್ಲಬ್‌ಗಳಿಗೆ ಹೇಳಿ, ಚಿಕ್ಕವರಿಗೆ ಬಾಗಿಲು ತೆರೆಸಿದರು. ಬ್ಯಾಂಡ್ ಮುರಿದಾಗ ಕೂಡಿಟ್ಟ ಹಣವನ್ನು ಹಂಚಿಕೊಳ್ಳದೆ ತಮ್ಮ ಹಾಡುಗಳ ರೆಕಾರ್ಡ್ ತಂದರು. ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ರೆಕಾರ್ಡ್ ಕಂಪನಿ ಶುರುವಾದದ್ದು ಹಾಗೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ 924 ಗಿಲ್ಮನ್ ಎಂಬ ಜಾಗ 1986ರ ಕೊನೆಯ ದಿನ ತೆರೆಯಿತು. ಮದ್ಯವಿಲ್ಲ, ಎಲ್ಲ ವಯಸ್ಸಿನವರಿಗೂ ಪ್ರವೇಶ, ಕೆಲಸವೆಲ್ಲ ಸ್ವಯಂಸೇವಕರದು. ಮುಂದೆ ಗ್ರೀನ್ ಡೇ ಎಂಬ ಹೆಸರಾಂತ ಪಂಕ್ ಬ್ಯಾಂಡ್ ಸೇರಿದ ಟ್ರೇ ಕೂಲ್ ಹನ್ನೆರಡನೇ ವಯಸ್ಸಿಗೇ ದಿ ಲುಕೌಟ್ಸ್ ಎಂಬ ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸುತ್ತಿದ್ದ. ಚಿಕ್ಕವರಿಗೆ ಯಾರೋ ಜಾಗ ಮಾಡಿಕೊಟ್ಟಾಗಲೆಲ್ಲ ಈ ಸಂಗೀತ ಬೆಳೆದಿದೆ.

ಮೊದಲ ಕಾರ್ಯಕ್ರಮದಲ್ಲಿ ಡ್ರಮ್ಸ್ ಹಂಚಿಕೊಳ್ಳುವುದು ವಾಡಿಕೆ. ದೊಡ್ಡ ಡ್ರಮ್ಮುಗಳು ಒಬ್ಬರವು. ಸ್ನೇರ್, ಸಿಂಬಲ್, ಬೇಸ್ ಡ್ರಮ್ ಪೆಡಲ್, ಸ್ಟಿಕ್, ಬೇಕಾದರೆ ಸ್ಟೂಲ್ ಇವನ್ನು ಪ್ರತಿಯೊಬ್ಬರೂ ತಮ್ಮದೇ ತರಬೇಕು. ದೊಡ್ಡ ಡ್ರಮ್ಮುಗಳು ಯಾರವೆಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಜೊತೆಗೆ ಡ್ರಮ್ ಕೀ ಎರಡು, ಸ್ಟಿಕ್ ಕನಿಷ್ಠ ಮೂರು ಜೊತೆ, ಟೇಪ್, ಸ್ನೇರ್ ತಂತಿ ಕಟ್ಟುವ ದಾರ, ಬಟ್ಟೆ, ನೀರು. ಹಾಡುಗಳ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಹೈ-ಹ್ಯಾಟ್ ಪಕ್ಕ ನೆಲಕ್ಕೆ ಅಂಟಿಸಿ. ಕತ್ತಲಲ್ಲಿ ಸಣ್ಣ ಅಕ್ಷರ ಕಾಣುವುದಿಲ್ಲ.

ವೇದಿಕೆ ಏರಿದಾಗ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಆ ಎದೆಬಡಿತವೇ ವೇಗವಾಗಿಬಿಡುತ್ತದೆ. 180ರ ಹಾಡು ಅರಿವಿಲ್ಲದೆ 195ಕ್ಕೆ ಏರುತ್ತದೆ. ಆದ್ದರಿಂದ ನಿಮಗೆ ನಿಧಾನ ಅನ್ನಿಸುವಷ್ಟು ವೇಗದಲ್ಲಿ ಎಣಿಸಿ. ಕೇಳುವವರಿಗೆ ಅದು ಸರಿಯಾಗಿಯೇ ಇರುತ್ತದೆ. ಸ್ಟಿಕ್ ಜಾರಿ ಬಿದ್ದರೆ ಹುಡುಕಬೇಡಿ. ಇನ್ನೊಂದು ಕೈಯಿಂದ ಸ್ನೇರ್ ನಡೆಸುತ್ತ, ಬೇಸ್ ಡ್ರಮ್‌ಗೆ ಸಿಕ್ಕಿಸಿದ ಚೀಲದಿಂದ ಹೊಸದನ್ನು ಎಳೆದುಕೊಳ್ಳಿ. ಹೈ-ಹ್ಯಾಟ್‌ನ ಮೇಲಿನ ತಟ್ಟೆ, ಅದನ್ನು ಹಿಡಿದ ಕ್ಲಚ್ ಸಡಿಲಾಗಿ ಕೆಳಗೆ ಕೂತರೆ, ದೊಡ್ಡ ರೈಡ್ ಸಿಂಬಲ್‌ಗೆ ಹೋಗಿ ಹಾಡು ಮುಗಿಸಿ. ಸ್ನೇರಿನ ತಂತಿ ಕಳಚಿದರೂ ಹಾಡು ನಿಲ್ಲುವುದಿಲ್ಲ. ನಿಲ್ಲುವುದು ಕಾಲು ನಿಂತಾಗ ಮಾತ್ರ.

ಕೊನೆಯ ಪೆಟ್ಟು ಬಿದ್ದ ಮೇಲೆ ಅಲ್ಲಿಯೇ ಕೂತು ಸ್ನೇಹಿತರನ್ನು ಮಾತಾಡಿಸಬೇಡಿ. ಮುಂದಿನ ಬ್ಯಾಂಡಿಗೆ ಸಿಗುವುದೇ ಹತ್ತು ಹದಿನೈದು ನಿಮಿಷ. ನಿಮ್ಮ ಸ್ನೇರ್, ಪೆಡಲ್, ಸಿಂಬಲ್‌ಗಳನ್ನು ಎತ್ತಿಕೊಂಡು ವೇದಿಕೆಯ ಪಕ್ಕಕ್ಕೆ ಒಯ್ದು ಅಲ್ಲಿ ಚೀಲಕ್ಕೆ ಹಾಕಿಕೊಳ್ಳಿ. ಬಿಚ್ಚಿದ ರೆಕ್ಕೆ-ನಟ್ಟು, ಸಿಂಬಲ್‌ನ ಕೆಳಗೂ ಮೇಲೂ ಇಡುವ ಫೆಲ್ಟ್ ಬಿಲ್ಲೆಗಳನ್ನು ಜೇಬಿಗಿಳಿಸದೆ ಮತ್ತೆ ಸ್ಟ್ಯಾಂಡಿಗೇ ಹಾಕಿ, ಅವು ಸ್ಟ್ಯಾಂಡಿನ ಯಜಮಾನರವು. ನಿಮ್ಮ ಜೇಬಿನಲ್ಲಿ ಇರಬೇಕಾದದ್ದು ಒಂದೆರಡು ಹೆಚ್ಚುವರಿ ಬಿಲ್ಲೆಗಳು. ಮುಂದೆ ನುಡಿಸಬೇಕಾದ ಡ್ರಮ್ಮರ್ ತನ್ನ ಕ್ರ್ಯಾಶ್ ಸಿಂಬಲ್ ಹಿಡಿದುಕೊಂಡು, ಕತ್ತಲಲ್ಲಿ ನೆಲ ತಡವುತ್ತ, ಒಂದು ಬಿಲ್ಲೆ ಇದೆಯಾ ಎಂದು ಕೇಳುತ್ತ ಬರುವುದು ಬಹುತೇಕ ಖಚಿತ.